ಬೀಗಿತ್ತಿಯರ ಓಟ

ಹೊಸ ಪ್ಲಾಸ್ಟಿಕ್ ರೇನ್‌ಕೋಟಿಗೆ ಇಸ್ತ್ರಿ ಹಾಕುವ ಮನುಷ್ಯರು ಈ ಭೂಮಿಯ ಮೇಲೆ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ, ಇದ್ದಾರೆ, ಒಬ್ಬಳಂತೂ ಇದ್ದಾಳೆ. ಊರಿನ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಉದ್ದನೆಯ ಮೇಜಿನ ಮುಂದೆ ನಿಂತು ಅವಳು ಅರ್ಧ ಆಯುಸ್ಸು ಕಳೆದಿದ್ದಾಳೆ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಅಡುಗೆಯವರ ಕೋಟು, ಏನೇ ಬರಲಿ, ಅವಳ ಕೈ ದಾಟಿ ಹೋಗುವಾಗ ಒಂದು ಗೆರೆ ಇರಕೂಡದು. ಹೋಟೆಲಿನ ಮ್ಯಾನೇಜರಿನಿಂದ ಹಿಡಿದು ಬೀದಿಯ ಹಾಲಿನವನವರೆಗೆ ಎಲ್ಲರಿಗೂ ಅವಳು ಇಸ್ತ್ರಿಯಮ್ಮ. ಸುಕ್ಕು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಮಡಚಿಕೊಂಡಿದ್ದರೆ ತನ್ನ ಸ್ಟಾಪು ಬರುವುದರೊಳಗೆ ಅದನ್ನು ನೀವಿ ಸರಿಮಾಡಿಯೇ ಇಳಿಯುತ್ತಾಳೆ. ಒಮ್ಮೆ ಹಾಗೆ ನೀವಿಸಿಕೊಂಡವನು ಪೊಲೀಸಿನವನಾಗಿದ್ದ. ಅವನು ತಿರುಗಿ ನೋಡಿದ ನೋಟಕ್ಕೂ ಅವಳು ಹೆದರಲಿಲ್ಲ, ಎಡಗಡೆ ಇನ್ನೂ ಸ್ವಲ್ಪ ಇದೆ ಎಂದಳಂತೆ.

ಮಳೆಗಾಲದ ಒಂದು ಸಂಜೆ ಅಳಿಯನ ಫೋನು ಬಂತು. ಮಗಳು ಮತ್ತು ಅಳಿಯ ಇರುವುದು ಕಡಲ ಅಂಚಿನಲ್ಲೇ ದಕ್ಷಿಣಕ್ಕೆ ಹೋದರೆ ಸಿಗುವ ಇನ್ನೊಂದು ಊರಿನಲ್ಲಿ. “ಅತ್ತೆ, ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರ್ಸಿದೀನಿ. ನಾಳೆ ಆಗ್ಬಹುದು ಅಂದ್ರು ಡಾಕ್ಟ್ರು. ಮಳೆ ಜೋರಿದೆ, ನೀವು ನಿಧಾನಕ್ಕೆ ಬನ್ನಿ,” ಎಂದ. ನಿಧಾನಕ್ಕೆ! ಇಸ್ತ್ರಿಯಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಡುಗೆಮನೆಯಿಂದ ಹಾಲ್, ಹಾಲ್‌ನಿಂದ ಅಡುಗೆಮನೆ, ಗ್ಯಾಸ್ ಹಚ್ಚಿದಳು, ಆರಿಸಿದಳು, ಯಾಕೆ ಹಚ್ಚಿದ್ದೆ ಎಂದು ಗಂಡನನ್ನೇ ಕೇಳಿದಳು. ಪೇಪರ್ ಓದುತ್ತಿದ್ದ ಯಜಮಾನರು, ಕೂತ್ಕೊಳೇ ಮಾರಾಯ್ತಿ, ನಿನಗೇ ಹೆರಿಗೆ ಆಗೋ ಹಾಗಿದೆ, ಎಂದರು.

ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ. ಈ ಮಗುವನ್ನು ಮೊದಲು ಎತ್ತಿಕೊಳ್ಳುವವಳು ತಾನಾಗಬೇಕು. ಅದಕ್ಕೆ ಕಾರಣವಿತ್ತು. ಅವಳ ಮಗಳು ಹುಟ್ಟಿದಾಗ ಮಗುವನ್ನು ಮೊದಲು ಎತ್ತಿಕೊಂಡವಳು ಅತ್ತೆ, ಆಮೇಲೆ ನಾದಿನಿ, ಆಮೇಲೆ ನಾದಿನಿಯ ಪಕ್ಕದ ಮನೆಯವಳು. ಹಾಸಿಗೆಯಲ್ಲಿ ಮಲಗಿದ್ದ ತಾಯಿ ಕೈ ಚಾಚಿದಾಗಲೆಲ್ಲ, ನೀನು ಸುಸ್ತಾಗಿದೀಯ ಮಲ್ಕೋ ಎಂದು ಅವರೇ ಎತ್ತಿಕೊಂಡು ಓಡಾಡಿದರು. ಸುಸ್ತು ಕಳೆಯುವಷ್ಟರಲ್ಲಿ ಹೋಟೆಲಿನಿಂದ ಕರೆ ಬಂತು, ಅವಳು ಮತ್ತೆ ಮೇಜಿನ ಮುಂದೆ ನಿಂತಳು, ಮಗಳು ಬೇರೆಯವರ ಸೊಂಟದ ಮೇಲೆ ಬೆಳೆದಳು. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡು ಅತ್ತವಳಲ್ಲ. ಆದರೆ ಈ ಸಲ ಬಿಡುವುದಿಲ್ಲ ಎಂದು ಮಗಳು ಗರ್ಭಿಣಿಯಾದ ಸುದ್ದಿ ಬಂದ ದಿನವೇ ಹಲ್ಲು ಕಚ್ಚಿ ನಿಶ್ಚಯಿಸಿಬಿಟ್ಟಿದ್ದಳು.

ಅಡ್ಡಿ ಒಂದೇ: ಬೀಗಿತ್ತಿ. ಅಳಿಯನ ತಾಯಿ, ಇದೇ ಊರಿನವರು, ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದರೂ ಸೀಟಿ ಕೊರಳಿಂದ ಇಳಿದಿರಲಿಲ್ಲ. ಮದುವೆ ಮಾತುಕತೆಗೆ ಬಂದ ದಿನ ಇಸ್ತ್ರಿಯಮ್ಮನನ್ನು ಮೇಲಿಂದ ಕೆಳಕ್ಕೆ ನೋಡಿ, ಬೆನ್ನು ನೆಟ್ಟಗಿರ್ಲಿ, ಎಂದಿದ್ದರು. ಅಂದಿನಿಂದ ಇಬ್ಬರ ನಡುವೆ ನಗುನಗುತ್ತಲೇ ನಡೆಯುವ ಯುದ್ಧ. ಆ ಸಂಜೆ ಅವರ ಫೋನೂ ಬಂತು.

“ಸುದ್ದಿ ಗೊತ್ತಾಯ್ತಲ್ಲ? ಯಾವ ಬಸ್ಸಿಗೆ ಹೊರಡ್ತೀರಿ ಬೀಗಿತ್ತಿಯವ್ರೇ?”

“ನಾನು ಮಧ್ಯಾಹ್ನದ ಬಸ್ಸಿಗೆ. ಈ ಮಳೇಲಿ ಏನವಸರ? ನೀವು?”

“ನಾನೂ ಮಧ್ಯಾಹ್ನಕ್ಕೇ. ನಾವು ಹೋಗಿ ಮಾಡೋದಾದ್ರೂ ಏನು?”

ಫೋನು ಇಟ್ಟವಳೇ ಇಸ್ತ್ರಿಯಮ್ಮ ಬೆಳಗಿನ ಮೊದಲ ಬಸ್ಸಿಗೆ ತಯಾರಿ ಶುರುಮಾಡಿದಳು. ಹೋಟೆಲಿನಲ್ಲಿ ಸವೆದು ಮೆತ್ತಗಾದ ಹೊದಿಕೆಗಳನ್ನು ಕೇಳಿ ಪಡೆದು ಹೊಲಿದಿದ್ದ ಕೂಸಿನ ಬಟ್ಟೆಗಳಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿದಳು. ತನ್ನ ಬಟ್ಟೆಗೆ ಹಾಕಿದಳು. ಕರವಸ್ತ್ರಕ್ಕೆ ಹಾಕಿದಳು. ಆಮೇಲೆ ಕಣ್ಣಿಗೆ ಬಿತ್ತು ಹೊಸ ರೇನ್‌ಕೋಟು. ಅಂಗಡಿಯವನು ಮಡಚಿ ಮಡಚಿ ಕೊಟ್ಟಿದ್ದ ಅದರ ತುಂಬ ಗೆರೆ. ಇಂಥದ್ದನ್ನು ಹಾಕಿಕೊಂಡು ಮೊಮ್ಮಗುವಿನ ಮುಂದೆ ನಿಲ್ಲುವುದೇ? ಮೇಲೊಂದು ಪೇಪರ್ ಹಾಸಿ, ಇಸ್ತ್ರಿಯನ್ನು ತುಸುವೇ ತಾಗಿಸಿ, ಬಹಳ ಜಾಣತನದಿಂದ ಮಾಡಿದೆ ಎಂದುಕೊಂಡು ಗೂಟಕ್ಕೆ ನೇತುಹಾಕಿ ಮಲಗಿದಳು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕೋಟು ಹಾಕಿಕೊಂಡಾಗ ಗೊತ್ತಾಯಿತು, ಎಡಗಡೆಯ ತೋಳು ಒಳಗೊಳಗೇ ಅಂಟಿಕೊಂಡು ಚಪ್ಪಟೆಯಾಗಿದೆ. ಕೈ ಹೋಗಲು ದಾರಿಯೇ ಇಲ್ಲ. ಇರಲಿ, ಕೈ ಒಳಗೇ ಇರಲಿ ಎಂದು ಜಿಪ್ಪನ್ನು ಸರ್ರನೆ ಗಂಟಲವರೆಗೆ ಎಳೆದಳು. ಎಳೆದ ಮೇಲೆ ಅದು ಇಳಿಯಲಿಲ್ಲ. ಅದರ ಹಲ್ಲುಗಳೂ ಕರಗಿ ಸೊಟ್ಟಗಾಗಿದ್ದವು. ಎಡಗೈ ಹೊಟ್ಟೆಯ ಮೇಲೆ ಬಂದಿಯಾಗಿ, ಬಲ ಹೆಗಲಿಗೆ ಚೀಲ ನೇತುಹಾಕಿಕೊಂಡು, ಅವಳು ಒಂದೇ ಕೈಯವಳಾಗಿ ಬಸ್ಸು ಹತ್ತಿದಳು. ಹತ್ತಿ ನೋಡಿದರೆ ಮೊದಲ ಸೀಟಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರು?

“ಓಹೋ,” ಎಂದರು ಟೀಚರ್.

“ಓಹೋ,” ಎಂದಳು ಇಸ್ತ್ರಿಯಮ್ಮ. ಬೇರೆ ಸೀಟು ಖಾಲಿ ಇರಲಿಲ್ಲ. ಇಬ್ಬರೂ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಟ್ಟಿಗೇ ಕುಳಿತರು.

ದಾರಿ ಅರ್ಧಕ್ಕಿಂತ ತುಸು ಹೆಚ್ಚು ಸಾಗಿರಬಹುದು, ಬಸ್ಸು ನಿಂತಿತು. ಮುಂದೆ ಗುಡ್ಡ ಜರಿದು ರಸ್ತೆಯ ಮೇಲೆ ಕೂತಿತ್ತು. ಡ್ರೈವರ್ ಇಳಿದು ನೋಡಿ ಬಂದು, “ಇವತ್ತು ಆಗಲ್ಲ, ಗಾಡಿ ವಾಪಸ್,” ಎಂದ. ಬೇರೆ ದಾರಿ ಇಲ್ಲವೇ ಎಂದು ಎರಡು ದನಿಗಳು ಒಟ್ಟಿಗೇ ಕೇಳಿದವು. “ದಾರಿ ಏನು, ಕೆಳಗೆ ಮರಳಿದೆ. ಸಮುದ್ರನ ಬಲಕ್ಕಿಟ್ಕೊಂಡು ನಡೀತಾ ಇದ್ರೆ ಊರು ಬರುತ್ತೆ, ಮಧ್ಯೆ ಒಂದು ಹೊಳೆ ಇದೆ. ಆದ್ರೆ ಈ ಮಳೇಲಿ ನಿಮ್ಮಂಥೋರು…” ಎಂದವನು ಇಬ್ಬರ ಮುಖ ನೋಡಿ ಮಾತು ನುಂಗಿಕೊಂಡ.

“ನಾನು ವಾಪಸ್ ಹೋಗ್ತೀನಪ್ಪ,” ಎಂದರು ಟೀಚರ್ ಆಕಳಿಸುತ್ತ. “ನನಗೂ ಮಂಡಿ ನೋವು, ನಾನೂ ವಾಪಸ್ಸೇ,” ಎಂದಳು ಇಸ್ತ್ರಿಯಮ್ಮ. ಹೇಳಿದವರು ಇಬ್ಬರೂ ಬಸ್ಸು ಹತ್ತಲಿಲ್ಲ. ನೀವು ಮೊದಲು ಹತ್ತಿ ಎಂದು ಇವಳು, ಇಲ್ಲ ನೀವು ಹತ್ತಿ ಎಂದು ಅವರು. ಕೊನೆಗೆ ಡ್ರೈವರ್ ತಲೆ ಚಚ್ಚಿಕೊಂಡು ಬಸ್ಸು ತಿರುಗಿಸಿಕೊಂಡು ಹೋದ. ಮಳೆ ಸುರಿಯುತ್ತಲೇ ಇತ್ತು. ಬಸ್ಸು ಮರೆಯಾದದ್ದೇ ಟೀಚರ್ ಕೊಡೆ ಬಿಚ್ಚಿ, ಕೆಳಗಿನ ಮರಳಿಗೆ ಇಳಿದು, ಕಾಲಿಗೆ ಬುದ್ಧಿ ಹೇಳಿದರು. ಇಸ್ತ್ರಿಯಮ್ಮ ಎದ್ದೆನೋ ಬಿದ್ದೆನೋ ಎಂದು ಹಿಂದೆ ಓಡಿದಳು.

ನಡಿಗೆ ಎಂಬುದು ಇಸ್ತ್ರಿಯಮ್ಮನಿಗೆ ಗೊತ್ತಿಲ್ಲದ ವಿದ್ಯೆ. ನಿಲ್ಲುವುದು ಬೇಕಾದರೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲಳು. ಒದ್ದೆ ಮರಳು ಒಂದೊಂದು ಹೆಜ್ಜೆಗೂ ಚಪ್ಪಲಿಯನ್ನು ಹಿಡಿದೆಳೆಯುತ್ತಿತ್ತು; ಎಡಗಾಲಿನದನ್ನು ಕಿತ್ತುಕೊಂಡರೆ ಬಲಗಾಲಿನದು ಹೂತುಹೋಗುತ್ತಿತ್ತು. ಕೊನೆಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬರಿಗಾಲಾದಳು. ಬಲಗಡೆ ಸಮುದ್ರ ಬೂದಿ ಬಣ್ಣದಲ್ಲಿ ಗುಡುಗುತ್ತಿತ್ತು, ಮೇಲಿಂದ ಮಳೆ, ಪಕ್ಕದಿಂದ ಗಾಳಿ, ರೇನ್‌ಕೋಟಿನ ಖಾಲಿ ತೋಳು ಗಾಳಿಗೆ ಹಾರಿ ಹಾರಿ ಅವಳ ಕೆನ್ನೆಗೇ ಪಟಪಟ ಬಾರಿಸುತ್ತಿತ್ತು. ಆದರೂ ಒಳಗೆಲ್ಲೋ ಏನೋ ಒಂದು ಕುಣಿಯಲು ಶುರುವಾಗಿತ್ತು. ನೆಲಮಾಳಿಗೆಯ ಹಬೆಯಲ್ಲಿ ಇಷ್ಟು ವರ್ಷ ಬೆವೆತ ಮೈಗೆ ತಣ್ಣನೆಯ ನೀರು ಬಡಿಯುತ್ತಿದ್ದರೆ ಅವಳಿಗೆ ಕಿರುಚಬೇಕು ಎನಿಸಿತು. ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕಿರುಚಿಯೂಬಿಟ್ಟಳು. ಮುಂದೆ ಹೋಗುತ್ತಿದ್ದ ಟೀಚರ್ ಗಾಬರಿಯಾಗಿ ತಿರುಗಿದರು.

“ಏನಾಯ್ತ್ರೀ?”

“ಏನಿಲ್ಲ, ಗಂಟಲು ಸರಿಮಾಡ್ಕೊಂಡೆ.”

“ಉಸಿರು ಮೂಗಲ್ಲಿ ತಗೊಳ್ಳಿ! ಎಡ, ಬಲ, ಎಡ, ಬಲ!” ಎಂದು ಟೀಚರ್ ಸೀಟಿ ಬಾಯಿಗಿಟ್ಟುಕೊಂಡು, ಗಾಳಿಗೆ ಎದುರಾಗಿ, ಸೈನ್ಯವನ್ನೇ ಮುನ್ನಡೆಸುವವರ ಹಾಗೆ ಕಾಲೆತ್ತಿ ಹಾಕಿದರು. ಹಾಕಿದ್ದು ಪಾಚಿ ಕಟ್ಟಿದ ಬಂಡೆಯ ಮೇಲೆ. ಕೊಡೆ ಒಂದು ಕಡೆ ಹಾರಿತು, ಚೀಲ ಇನ್ನೊಂದು ಕಡೆ, ಟೀಚರ್ ನೀರಿನ ಗುಂಡಿಯೊಳಗೆ ಧೊಪ್ಪನೆ ಕುಳಿತರು. ಬಾಯಿಂದ ಸೀಟಿ ಮಾತ್ರ ಬೀಳಲಿಲ್ಲ. ಬಿದ್ದ ರಭಸಕ್ಕೆ ಹೊಟ್ಟೆಯಲ್ಲಿದ್ದ ಗಾಳಿಯೆಲ್ಲ ಅದರೊಳಗೆ ನುಗ್ಗಿ ಪೀ…ಈ…ಈ ಎಂದು ಉದ್ದಕ್ಕೆ ಕೂಗಿತು.

ಇಸ್ತ್ರಿಯಮ್ಮ ನಗಬಾರದೆಂದು ತುಟಿ ಕಚ್ಚಿದಳು, ಉಗುಳು ನುಂಗಿದಳು, ಸಮುದ್ರದ ಕಡೆ ತಿರುಗಿದಳು. ಏನೂ ಪ್ರಯೋಜನವಾಗಲಿಲ್ಲ. ನಗು ಹೊಟ್ಟೆಯಿಂದ ಎದ್ದು ಬಂತು, ಮಂಡಿ ಮಡಚಿತು, ಅವಳೂ ಗುಂಡಿಯ ಅಂಚಿನಲ್ಲೇ ಕುಸಿದಳು. ಎತ್ತಿ ನಿಲ್ಲಿಸೋಣವೆಂದು ಕೈ ಕೊಟ್ಟರೆ ಇರುವುದೇ ಒಂದು ಕೈ, ಅದೂ ನಗುವಿಗೆ ನಡುಗುತ್ತಿತ್ತು. ಟೀಚರ್ ಒಂದು ಗಳಿಗೆ ಕೆಂಗಣ್ಣು ಬಿಟ್ಟರು. ಆಮೇಲೆ ಅವರ ಕಣ್ಣು ಕೋಟಿನ ಚಪ್ಪಟೆ ತೋಳಿನ ಮೇಲೆ ಬಿತ್ತು.

“ಅಲ್ರೀ, ಬೆಳಗ್ಗಿಂದ ಕೇಳ್ಬೇಕು ಅಂತಿದ್ದೆ. ನಿಮ್ಮ ಇನ್ನೊಂದು ಕೈ ಎಲ್ಲಿ?”

“ಒಳಗಿದೆ. ಕೋಟಿಗೆ ಇಸ್ತ್ರಿ ಹಾಕ್ದೆ, ತೋಳು ಅಂಟ್ಕೊಳ್ತು.”

“ಪ್ಲಾಸ್ಟಿಕ್ಕಿಗಾ?”

“ಪೇಪರ್ ಹಾಸಿದ್ದೆ!”

ಅಷ್ಟೇ. ಡ್ರಿಲ್ ಟೀಚರಿನ ನೆಟ್ಟಗಿನ ಬೆನ್ನು ಬಾಗಿಹೋಯಿತು. ಗುಂಡಿಯ ನೀರನ್ನು ಅಂಗೈಯಿಂದ ಬಡಿಯುತ್ತ ಅವರು ನಕ್ಕ ನಗುವಿಗೆ ಕಲ್ಲಿನ ಸಂದಿಯಲ್ಲಿದ್ದ ಏಡಿಗಳು ಓಡಿಹೋದವು. ಪೇಪರ್ ಹಾಸಿದ್ಲಂತೆ, ಪೇಪರ್ ಹಾಸಿದ್ಲಂತೆ, ಎಂದು ಮತ್ತೆ ಮತ್ತೆ ಹೇಳಿಕೊಂಡು ಕಣ್ಣೊರೆಸಿಕೊಂಡರು. ತಮ್ಮ ತಮ್ಮ ಮದುವೆಯಾದಂದಿನಿಂದ ಇಬ್ಬರೂ ಹೀಗೆ ನಕ್ಕಿರಲಿಲ್ಲವೇನೋ. ಹೊಟ್ಟೆ ಹಿಡಿದುಕೊಂಡು ಎದ್ದು ನಿಂತರೆ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ, ನೋಡಿದರೆ ಮತ್ತೆ ಕುಸಿತ.

ಅಲ್ಲಿಂದ ಮುಂದೆ ಒಟ್ಟಿಗೇ ನಡೆದರು, ಆದರೆ ಯಾರೂ ಸೋತಿರಲಿಲ್ಲ. “ನೋಡ್ರೀ, ಒಂದು ಮಾತು ಸ್ಪಷ್ಟವಾಗಿರ್ಲಿ,” ಎಂದರು ಟೀಚರ್, ಮುರಿದ ಕೊಡೆಯನ್ನು ಕೋಲಿನ ಹಾಗೆ ಊರುತ್ತ. “ನಾನು ಹುಡುಗನ ತಾಯಿ. ನನಗೆ ಇದ್ದದ್ದೇ ಒಬ್ಬ. ಹೆಣ್ಣುಕೂಸನ್ನೋ ಗಂಡುಕೂಸನ್ನೋ ಮತ್ತೊಂದನ್ನ ಎತ್ತಿಕೊಳ್ಳೋ ಭಾಗ್ಯ ನನಗೆ ಬರ್ಲಿಲ್ಲ. ಮೊದಲು ಎತ್ಕೊಳ್ಳೋದು ನಾನೇ.”

“ನನ್ನ ಮಗಳ ಹೊಟ್ಟೇಲಿರೋದು ಅದು. ಬೇಕಾದ್ರೆ ಎರಡನೇದಾಗಿ ಕೊಡ್ತೀನಿ.”

“ನಿಮಗಿರೋದು ಒಂದು ಕೈ!”

“ಒಂದು ಕೈಲಿ ದೊಡ್ಡ ಹಾಸಿಗೆ ಹೊದಿಕೆ ಮಡಚ್ತೀನಿ, ಮೂರು ಕೇಜಿ ಮಗು ಏನು ಮಹಾ!”

ಜಗಳವಾಡುತ್ತಲೇ ಒಂದು ಬಾಗು ದಾಟಿದರು, ಎರಡು ಬಾಗು ದಾಟಿದರು. ಒಂದು ಕಡೆ ಮಗುಚಿ ಹಾಕಿದ ದೋಣಿಯ ಕೆಳಗೆ ಕೂತಿದ್ದ ಬಲೆ ಹೆಣೆಯುವವನು ಫ್ಲಾಸ್ಕಿನಿಂದ ಟೀ ಕೊಟ್ಟ. ಎಲ್ಲಿಗೆ ಅಜ್ಜಿಯರ ಸವಾರಿ ಎಂದು ಕೇಳಿದ. ಅಜ್ಜಿ ಎಂಬ ಮಾತು ಕೇಳಿ ಇಬ್ಬರೂ ಒಟ್ಟಿಗೇ ಹಲ್ಲು ಬಿಟ್ಟರು. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಬೀಳುತ್ತಿತ್ತು. ಮುಂದಿನ ಹೊಳೆ ಸೊಂಟದ ಮಟ್ಟಕ್ಕಿದೆ, ಒಬ್ಬರೇ ಇಳಿಯಬೇಡಿ, ಕೈ ಕೈ ಹಿಡಿದು ದಾಟಿ ಎಂದು ಅವನು ಎಚ್ಚರಿಸಿದ.

ಹೊಳೆ ಕಾಣುವಷ್ಟರಲ್ಲಿ ಟೀಚರ್ ಅಯ್ಯೋ ಎಂದು ಕೂತರು. ಮೀನಖಂಡ ಹಿಡಿದುಕೊಂಡಿತ್ತು. ಊರಿಗೆಲ್ಲ ವ್ಯಾಯಾಮ ಹೇಳಿಕೊಟ್ಟವರ ಕಾಲು ಕಟ್ಟಿಗೆಯಾಗಿತ್ತು. “ಹೋಗಿ, ಹೋಗಿ,” ಎಂದರು ಮುಖ ತಿರುಗಿಸಿಕೊಂಡು. “ನೀವೇ ಎತ್ಕೊಳ್ಳಿ ಮೊದಲು.”

ಇಸ್ತ್ರಿಯಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಂತಾಯಿತು. ಅವಳನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ, ಅವಳು ಹೋದಳು. ತಿರುಗಿ ನೋಡದೆ, ಕುಣಿದುಕೊಂಡೇ ಹೋದಳು. ಹೊಳೆಯ ಅಂಚಿಗೆ ಬಂದು ಒಂದು ಕಾಲು ಇಳಿಸಿದಳು. ನೀರು ಅವಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಬಂದ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಿತು. ಚೀಲ ಹಿಡಿಯಲು ಒಂದು ಕೈ ಬೇಕು, ಸಮತೋಲಕ್ಕೆ ಒಂದು ಕೈ ಬೇಕು, ಇನ್ನೊಬ್ಬರನ್ನು ಹಿಡಿಯಲು ಮತ್ತೊಂದು. ಲೆಕ್ಕ ಹೊಂದಲಿಲ್ಲ. ತೆಪ್ಪಗೆ ವಾಪಸ್ ಬಂದಳು.

“ಯಾಕೆ, ಕರುಣೆ ಬಂತಾ?” ಎಂದರು ಟೀಚರ್.

“ಕರುಣೆಯಂತೆ! ದಾಟೋಕಾಗ್ಲಿಲ್ಲ. ಕಾಲು ಚಾಚೇ.”

ಚಾಚೇ ಎಂದದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಕೇಳಿಸದವರ ಹಾಗೆ ಇದ್ದರು. ಇಸ್ತ್ರಿಯಮ್ಮ ಮರಳಿನಲ್ಲಿ ಮಂಡಿಯೂರಿ, ಬಲ ಅಂಗೈಯ ಬುಡವನ್ನು ಹಿಮ್ಮಡಿಯ ಮೇಲಿಟ್ಟು, ಗಟ್ಟಿ ಕಾಲರಿಗೆ ಇಸ್ತ್ರಿ ಒತ್ತುವ ಹಾಗೆ ಮೈಭಾರ ಹಾಕಿ ಮೇಲಕ್ಕೆ ಒತ್ತುತ್ತ ಹೋದಳು. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಗಂಟು ಕರಗಿತು. ಟೀಚರ್ ಕಣ್ಣು ಮುಚ್ಚಿ ಹಾ ಎಂದರು.

“ನಿನ್ನ ಕೈಗುಣ ಚೆನ್ನಾಗಿದೆ ಕಣೇ,” ಎಂದರು. “ಬೆನ್ನೊಂದು ನೆಟ್ಟಗಿದ್ದಿದ್ರೆ!”

ಎರಡು ಚೀಲಗಳನ್ನೂ ಟೀಚರ್ ತಲೆಯ ಮೇಲಿಟ್ಟುಕೊಂಡು ಒಂದು ಕೈಯಲ್ಲಿ ಹಿಡಿದರು; ಇನ್ನೊಂದು ಕೈಗೆ ಇಸ್ತ್ರಿಯಮ್ಮನ ಇದ್ದೊಂದು ಕೈ. ನೀರು ಮಂಡಿ ದಾಟಿತು, ತೊಡೆ ದಾಟಿತು. ರೇನ್‌ಕೋಟಿನೊಳಗೆ ಗಾಳಿ ತುಂಬಿ ಇಸ್ತ್ರಿಯಮ್ಮ ಬಲೂನಿನ ಹಾಗೆ ಉಬ್ಬಿದಳು. ಹಿಡ್ಕೋ ಹಿಡ್ಕೋ, ತೇಲಿಹೋಗ್ತೀನಿ, ಎಂದು ಕಿರುಚಿದಳು. ನಗ್ಸಬೇಡ ಕಣೇ, ಚೀಲ ಬೀಳುತ್ತೆ, ಎಂದು ಟೀಚರ್ ಬೈದರು. ಆಚೆ ದಡ ಮುಟ್ಟಿದಾಗ ಇಬ್ಬರ ಮೈಯಲ್ಲೂ ಒಣಗಿದ ಎಳೆ ಒಂದಿರಲಿಲ್ಲ. ಕೈ ಬಿಡಬೇಕಾಗಿತ್ತು, ಬಿಡುವುದು ಮರೆತುಹೋಯಿತು. ಊರಿನ ಮೊದಲ ಮನೆಗಳು ಕಾಣುವವರೆಗೂ ಶಾಲೆ ಬಿಟ್ಟ ಹುಡುಗಿಯರ ಹಾಗೆ ಕೈ ಬೀಸಿಕೊಂಡೇ ನಡೆದರು.

ಮನೆಗಳು ಕಂಡದ್ದೇ ತಡ, ಇಬ್ಬರಿಗೂ ನೆನಪಾಯಿತು. ಕೈ ಬಿಟ್ಟರು. ಮೊದಲು ಬೇಗ ನಡೆದರು, ಆಮೇಲೆ ಇನ್ನೂ ಬೇಗ, ಆಸ್ಪತ್ರೆಯ ಬೀದಿಗೆ ಬರುವಾಗ ಬಹಿರಂಗವಾಗಿಯೇ ಓಡುತ್ತಿದ್ದರು. ಬಾಗಿಲಲ್ಲಿ ಇಬ್ಬರೂ ಒಟ್ಟಿಗೇ ನುಗ್ಗಿ, ಒಟ್ಟಿಗೇ ಸಿಕ್ಕಿಕೊಂಡು, ವಾಚ್‌ಮನ್ ತಳ್ಳಿದ ಮೇಲೆ ಒಳಗೆ ಬಿದ್ದರು. ಮೆಟ್ಟಿಲು, ತಿರುವು, ಉದ್ದನೆಯ ಕಾರಿಡಾರು. ಕಾರಿಡಾರಿನಲ್ಲಿ, ಸೊಂಟಕ್ಕೆ ಕೈ ಕೊಟ್ಟುಕೊಂಡು, ದೊಡ್ಡ ಹೊಟ್ಟೆ ಹೊತ್ತು, ಮಗಳು ನಡೆಯುತ್ತಿದ್ದಳು.

“ಇನ್ನೂ ಆಗಿಲ್ವಾ?” ಎಂದು ಇಬ್ಬರು ಅಜ್ಜಿಯರೂ ಚೀರಿದರು.

“ಆಗಿಲ್ಲಮ್ಮ. ನಡೀತಾ ಇರು ಅಂದಿದಾರೆ, ನಡೆದ್ರೆ ಬೇಗ ಆಗುತ್ತಂತೆ. ಇವರಿಗೆ ತಲೆ ಸುತ್ತು ಬಂತು,” ಎಂದು ಮಗಳು ಬೆಂಚಿನ ಮೇಲೆ ಅಂಗಾತ ಮಲಗಿದ್ದ ಗಂಡನನ್ನು ತೋರಿಸಿದಳು. ಆಮೇಲೆ ಇಬ್ಬರನ್ನೂ ಸರಿಯಾಗಿ ನೋಡಿದಳು. ಕೂದಲಲ್ಲಿ ಮರಳು, ಬರಿಗಾಲು, ಒಬ್ಬಳಿಗೆ ಒಂದು ಕೈ ಇಲ್ಲ, ಇನ್ನೊಬ್ಬರ ಕೊರಳಲ್ಲಿ ಸೀಟಿ. “ಇದೇನಿದು? ಬಸ್ ಬಂದಿಲ್ಲ ಅಂದ್ರಲ್ಲ! ಅಮ್ಮಾ, ನನ್ನ ಜೊತೆ ಸ್ವಲ್ಪ ನಡಿಯೇ, ಒಬ್ಳೇ ಆಗ್ತಿಲ್ಲ.”

ದಿನವಿಡೀ ನಡೆದು ಪಾದವೆಲ್ಲ ಬೊಬ್ಬೆಯಾದ ಇಸ್ತ್ರಿಯಮ್ಮ ಟೀಚರಿನ ಮುಖ ನೋಡಿದಳು. ಟೀಚರ್ ಇವಳ ಮುಖ ನೋಡಿದರು. ನಗು ಮತ್ತೆ ಎದ್ದಿತು. ಸೊಸೆಯ ಒಂದು ಕಡೆ ಅತ್ತೆ, ಇನ್ನೊಂದು ಕಡೆ ತಾಯಿ, ನಗುತ್ತ, ನೀರು ತೊಟ್ಟಿಕ್ಕಿಸುತ್ತ, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೊರಟರು. ಎಡ, ಬಲ, ಉಸಿರು ಮೂಗಲ್ಲಿ, ಎಂದು ಟೀಚರ್ ಮೆಲ್ಲಗೆ ಹೇಳುತ್ತಿದ್ದರು. ನೆಲ ಒರೆಸುವವಳು ಹಿಂದೆಯೇ ಬೈದುಕೊಂಡು ಬರುತ್ತಿದ್ದಳು.

ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ಮಗಳು ಗೋಡೆ ಹಿಡಿದು ನಿಂತಳು. ನರ್ಸ್ ಬಂದು ಒಳಗೆ ಒಬ್ಬರು ಮಾತ್ರ ಬರಬಹುದು, ಒದ್ದೆ ಬಟ್ಟೆ ಬದಲಿಸಿ ಬರಬೇಕು ಎಂದಳು. ಅಮ್ಮಾ, ಎಂದು ಮಗಳು ಕೂಗಿದಳು. ಟೀಚರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು. “ಹೋಗೇ, ಕರೀತಿದಾಳೆ,” ಎಂದರು. ನರ್ಸ್ ಕತ್ತರಿ ತಂದು ರೇನ್‌ಕೋಟನ್ನು ಕುತ್ತಿಗೆಯಿಂದ ಕೆಳತನಕ ಸೀಳಿದಳು. ಇಸ್ತ್ರಿಯಮ್ಮನ ಎಡಗೈ ಹೊರಬಂದು ಬೆಳಕು ಕಂಡಿತು. ಆಸ್ಪತ್ರೆಯ ಅಂಗಿ ತೊಟ್ಟು ಒಳಗೆ ಹೋಗುವಾಗ ಅವಳಿಗೆ ಅನಿಸಿದ್ದು ಒಂದೇ: ಗೆದ್ದೆ.

ಒಳಗೆ ಮಗಳು ಅವಳ ಎರಡೂ ಕೈ ಹಿಡಿದುಕೊಂಡಳು. ಹಿಡಿದ ಹಿಡಿತಕ್ಕೆ ಬೆರಳಿನ ಮೂಳೆ ಪುಡಿಯಾಗುತ್ತದೇನೋ ಎನಿಸಿತು. ಇಷ್ಟು ದೊಡ್ಡವಳಾದ ಮೇಲೆ ಮಗಳು ಹೀಗೆ ಹಿಡಿದದ್ದು ಅವಳಿಗೆ ನೆನಪಿಲ್ಲ. ಚಿಕ್ಕವಳಿದ್ದಾಗ ಹಿಡಿದದ್ದೂ ನೆನಪಿಲ್ಲ, ಆಗ ಕೈ ಇಸ್ತ್ರಿಯ ಮೇಲಿತ್ತು. ಆಗಲ್ಲಮ್ಮಾ ಎನ್ನುತ್ತಿದ್ದಳು ಮಗಳು. ಆಗುತ್ತೆ ಚಿನ್ನಾ, ಆಗ್ತಾ ಇದೆ, ಎನ್ನುತ್ತಿದ್ದಳು ತಾಯಿ. ಎಷ್ಟು ಹೊತ್ತು ಹೀಗೆ ಹೋಯಿತೋ ತಿಳಿಯದು. ಆಮೇಲೆ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಒಬ್ಬಳು ಹೆಚ್ಚಾದಳು, ಬಂದವಳೇ ಊರು ಒಂದು ಮಾಡುವ ಹಾಗೆ ಅತ್ತಳು.

ನರ್ಸ್ ಒರೆಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ನಗುತ್ತ ಮುಂದೆ ಬಂದಳು. “ಹೆಣ್ಣುಮಗು. ತಗೊಳ್ಳಿ ಅಜ್ಜಿ, ಕೈ ಚಾಚಿ.”

ಇಸ್ತ್ರಿಯಮ್ಮ ಮಗುವಿನ ಕೆಂಪು ಮುಖ ನೋಡಿದಳು. ನೋಡಿ ನೋಡಿ ಕಣ್ಣು ಮಂಜಾಯಿತು. ಕೈ ಎತ್ತಲು ನೋಡಿದರೆ ಅವು ಮಗಳ ಮುಷ್ಟಿಯಲ್ಲಿದ್ದವು. ಮಗಳು ಬೆವರಿನಲ್ಲಿ ತೊಯ್ದು, ಕಣ್ಣು ಮುಚ್ಚಿ, ಇನ್ನೂ ಬಿಗಿಯಾಗಿ ಹಿಡಿದಳು. “ಬಿಡ್ಬೇಡಮ್ಮ,” ಎಂದಳು.

“ಹೊರಗೆ ಒಬ್ಳು ಡ್ರಿಲ್ ಟೀಚರ್ ಕೂತಿದಾಳೆ,” ಎಂದಳು ಇಸ್ತ್ರಿಯಮ್ಮ ನರ್ಸಿಗೆ. “ಅವಳ ಕೈಗೆ ಕೊಡಿ. ನನ್ನ ಕೈಲಿ ನನ್ನ ಮಗು ಇದೆ.”

ನರ್ಸ್ ಬಾಗಿಲು ತಳ್ಳಿಕೊಂಡು ಹೋದಳು. ಆಮೇಲೆ ಕಾರಿಡಾರಿನಿಂದ ಯಾರೋ ಹೋ ಎಂದು ಕೂಗಿದರು. ಅತ್ತದ್ದೋ ನಕ್ಕದ್ದೋ ಒಳಗಿನವರಿಗೆ ತಿಳಿಯಲಿಲ್ಲ.

“ಯಾರಮ್ಮ ಅದು?” ಎಂದಳು ಮಗಳು ಕಣ್ಣು ತೆರೆಯದೆ.

“ನಿಮ್ಮತ್ತೆ ಕಣೇ, ಗೆದ್ದುಬಿಟ್ಲು,” ಎಂದು ಇಸ್ತ್ರಿಯಮ್ಮ ನಕ್ಕಳು. ಹಿಡಿದ ಎರಡು ಕೈಯನ್ನೂ ಬಿಡಲಿಲ್ಲ.